ಒಳ್ಳೆಯ ಮಟನ್ ಅಂಗಡಿ ಯಾವುದು?

ಸಿಂಗಪುರಕ್ಕೆ ಹೊಸದಾಗಿ ಬರುವ ಕನ್ನಡಿಗರು ಮೊದಲ ತಿಂಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮನೆ ಯಾವ ಕಡೆ ಹಿಡಿಯಬೇಕು, ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು, ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ. ಇವೆಲ್ಲ ಮುಗಿದ ಮೇಲೆ ಕೆಲವರು ಸುತ್ತ ಯಾರಿದ್ದಾರೆಂದು ಒಮ್ಮೆ ನೋಡಿಕೊಂಡು, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಸಾರ್, ಇಲ್ಲಿ ಒಳ್ಳೆ ಮಟನ್ ಅಂಗಡಿ ಯಾವುದು?"

ನಾನು ಈ ಊರಿಗೆ ಬಂದದ್ದು 2011ರಲ್ಲಿ. ಅಂದಿನಿಂದ ಈ ಪ್ರಶ್ನೆಗೆ ಒಂದೇ ಉತ್ತರ ಕೊಡುತ್ತ ಬಂದಿದ್ದೇನೆ. ಲಿಟಲ್ ಇಂಡಿಯಾ ಸ್ಟೇಷನ್ನಿನಲ್ಲಿ ಇಳಿಯಿರಿ, ಟೆಕ್ಕಾ ಮಾರ್ಕೆಟ್ಟಿಗೆ ಹೋಗಿ, ಮಟನ್ ಸಾಲಿನಲ್ಲಿ ಇಂಥ ಅಂಗಡಿ. ಉತ್ತರ ಸುಲಭ. ಆದರೆ ಈಚೆಗೆ ಪ್ರಶ್ನೆಯಲ್ಲಿರುವ "ಒಳ್ಳೆ" ಎಂಬ ಒಂದು ಮಾತು ನನ್ನನ್ನು ತಡೆದು ನಿಲ್ಲಿಸುತ್ತಿದೆ. ಒಳ್ಳೆಯ ಮಾಂಸವೋ, ಒಳ್ಳೆಯ ಅಂಗಡಿಯೋ, ಅಂಗಡಿಯಲ್ಲಿ ಕತ್ತಿ ಹಿಡಿದು ನಿಂತ ಒಳ್ಳೆಯ ಮನುಷ್ಯನೋ? ಮೂರನೆಯದಾದರೆ, ಅವನು ಒಳ್ಳೆಯವನೆಂದು ತೀರ್ಮಾನಿಸುವ ನಾನು ಎಂಥವನು? ಈ ಬರಹ ಆ ತೊಡಕಿನ ಬಗ್ಗೆ.

ನನ್ನ ಊರು ಮಳವಳ್ಳಿ ತಾಲ್ಲೂಕಿನಲ್ಲಿದೆ. ಬಂಡೂರು ಕುರಿಯ ಸೀಮೆ. ಗಿಡ್ಡ ಕಾಲಿನ, ಗುಂಡು ಮೈಯ ಆ ಕುರಿಯ ಮಾಂಸ ಎಷ್ಟು ಮೆದು ಎಂದು ಹೇಳಲು ಹೊರಟರೆ ನಮ್ಮ ಕಡೆಯವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಯುಗಾದಿಯ ದಿನ ಹೋಳಿಗೆ, ಮಾರನೆಯ ದಿನ ಹೊಸತೊಡಕು, ಅಂದರೆ ಬಾಡೂಟ. ಅದಕ್ಕೆ ನಮ್ಮೂರಲ್ಲಿ ಹತ್ತು ಹನ್ನೆರಡು ಮನೆಯವರು ಸೇರಿ ತಿಂಗಳು ತಿಂಗಳು ಚೀಟಿ ಹಣ ಕಟ್ಟಿ ಕುರಿ ತರುತ್ತಿದ್ದರು. ಬೆಳಗಿನ ಜಾವ ಕೊಯ್ದು, ಹಾಸಿದ ಎಲೆಯ ಮೇಲೆ ಮಾಂಸವನ್ನು ಗುಡ್ಡೆ ಹಾಕುತ್ತಿದ್ದರು. ಪ್ರತಿ ಗುಡ್ಡೆಗೂ ಇಷ್ಟು ತೊಡೆ, ಇಷ್ಟು ಎದೆ, ಇಷ್ಟು ಮೂಳೆ, ಒಂದೊಂದು ಚೂರು ಲಿವರ್. ಇದೇ ಗುಡ್ಡೆ ಮಾಂಸ.

ತಕ್ಕಡಿ ಇರುತ್ತಿರಲಿಲ್ಲ. ನ್ಯಾಯ ಕಾಪಾಡುತ್ತಿದ್ದದ್ದು ಒಂದು ಪದ್ಧತಿ. ಗುಡ್ಡೆ ಹಾಕಿದವನು ತನ್ನ ಗುಡ್ಡೆಯನ್ನು ತಾನೇ ಆರಿಸಿಕೊಳ್ಳುವಂತಿರಲಿಲ್ಲ. ಒಬ್ಬ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸುವುದು, ಹಿಂದೆ ಒಬ್ಬರು ಒಂದು ಗುಡ್ಡೆ ಮುಟ್ಟಿ "ಇದು ಯಾರದ್ದು?" ಎಂದು ಕೇಳುವುದು, ಅವನು ಯಾವುದೋ ಮನೆಯ ಹೆಸರು ಹೇಳುವುದು. ಎರಡು ವರ್ಷ ಆ ಹುಡುಗ ನಾನಾಗಿದ್ದೆ. ಬೆನ್ನ ಹಿಂದೆ ಏನಿದೆ ಎಂದು ಕಾಣದೆ ಹೆಸರು ಹೇಳುವಾಗ ನನಗೆ ದೊಡ್ಡ ಅಧಿಕಾರ ಸಿಕ್ಕಂತೆ ಆಗುತ್ತಿತ್ತು. ಈಗ ಯೋಚಿಸಿದರೆ ಆ ಪದ್ಧತಿಯ ಜಾಣತನ ತಿಳಿಯುತ್ತದೆ. ಯಾರನ್ನೂ ನಂಬಬೇಕಾದ ಅಗತ್ಯವೇ ಅಲ್ಲಿ ಇರಲಿಲ್ಲ. ಮೋಸಕ್ಕೆ ಜಾಗವಿಲ್ಲದ ಕಡೆ ನಂಬಿಕೆಗೂ ಕೆಲಸವಿಲ್ಲ.

ಆದರೆ ಅದೇ ಊರಿನ ಮಾತಿನಲ್ಲಿ ಮಾಂಸ ಕೊಯ್ಯುವವನಿಗೆ ಮರ್ಯಾದೆ ಇರಲಿಲ್ಲ. "ಕಟುಕ" ಎಂದರೆ ಒಂದು ಕಸುಬಿನ ಹೆಸರು. ನಾವು ಅದನ್ನು ಬಳಸುವುದು ಬೈಗುಳವಾಗಿ. ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆ ಕಟುಕಿ, ಬಡ್ಡಿ ವಸೂಲಿಗೆ ಬಂದವನು ಕಟುಕ. "ಕುರಿ ಕಟುಕನನ್ನೇ ನಂಬುತ್ತದೆ" ಎಂಬ ಗಾದೆಯಲ್ಲಿ ಕುರಿ ದಡ್ಡ, ಕಟುಕ ದುಷ್ಟ. ಸಾರು ಉಣ್ಣುವವನ ಸುದ್ದಿಯೇ ಆ ಗಾದೆಯಲ್ಲಿಲ್ಲ. ಅವನು ಬುದ್ಧಿವಂತಿಕೆಯಿಂದ ಜಾರಿಕೊಂಡಿದ್ದಾನೆ. ತಿನ್ನುವುದು, ತಿಂದದ್ದನ್ನು ಮುಚ್ಚಿಡುವುದು ಎರಡೂ ನಮಗೆ ಅಭ್ಯಾಸ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕುಗಳ ಜೊತೆಗೆ ಮಾಂಸಾಹಾರವನ್ನೂ ಸೇರಿಸಿದ್ದಕ್ಕೆ ನಮ್ಮ ಕಡೆಯವರು ಸಿಟ್ಟಾದರು. ಆ ಸಿಟ್ಟು ನನಗೆ ಅರ್ಥವಾಯಿತು. ಜೊತೆಗೆ, ಹೊಸಬರು ಮಟನ್ ಅಂಗಡಿ ಕೇಳುವಾಗ ದನಿ ಯಾಕೆ ತಗ್ಗುತ್ತದೆ ಎಂಬುದೂ ಅರ್ಥವಾಯಿತು.

ಈಗ ಟೆಕ್ಕಾಕ್ಕೆ ಬರೋಣ. ರೋಚೋರ್ ಕಾಲುವೆಯ ಪಕ್ಕದ ಈ ಜಾಗಕ್ಕೆ ಹಿಂದೆ ಕಂಡಾಂಗ್ ಕೆರ್ಬಾವ್ ಎಂದು ಹೆಸರು. ಮಲಯ ಭಾಷೆಯಲ್ಲಿ ಎಮ್ಮೆ ದೊಡ್ಡಿ ಎಂದರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ನೀರೂ ಹುಲ್ಲೂ ಧಾರಾಳವಾಗಿತ್ತು. ದನ ಎಮ್ಮೆಗಳ ವ್ಯಾಪಾರ ಬೆಳೆಯಿತು, ಆ ಕೆಲಸಕ್ಕೆ ನಮ್ಮ ದೇಶದವರು ಬಂದು ನೆಲೆಸಿದರು. ಅದರ ಗುರುತು ರಸ್ತೆಗಳ ಹೆಸರಿನಲ್ಲಿ ಉಳಿದಿದೆ. ಬಫಲೋ ರಸ್ತೆ ಇದೆ, ಕೆರ್ಬಾವ್ ರಸ್ತೆ ಇದೆ. ಬೆಲಿಲಿಯೋಸ್ ರಸ್ತೆ ಕಲ್ಕತ್ತೆಯಿಂದ ಬಂದ ದನದ ವ್ಯಾಪಾರಿಯ ಹೆಸರು, ಡೆಸ್ಕರ್ ರಸ್ತೆ ಒಬ್ಬ ಮಾಂಸದ ವ್ಯಾಪಾರಿಯ ಹೆಸರು. ಇಲ್ಲಿನ ಎಷ್ಟೋ ಕನ್ನಡ ಮಕ್ಕಳು ಹುಟ್ಟಿದ ಕೆಕೆ ಆಸ್ಪತ್ರೆಯ ಎರಡು "ಕೆ"ಗಳೂ ಅದೇ ಎಮ್ಮೆ ದೊಡ್ಡಿಯವು. ಟೆಕ್ಕಾ ಎಂಬುದು ಹೊಕ್ಕಿಯನ್ ಚೀನೀಯರು ಇಟ್ಟ ಹೆಸರು. ಕಾಲುವೆಯ ದಡದಲ್ಲಿ ಬೆಳೆಯುತ್ತಿದ್ದ ಸಣ್ಣ ಬಿದಿರಿನಿಂದ ಬಂದದ್ದು. ಹಳೆಯ ಮಾರುಕಟ್ಟೆ 1915ರದ್ದು, ಈಗಿನ ಕಟ್ಟಡ 1982ರದ್ದು. ಒಂದೇ ಸೂರಿನಡಿ ಮೀನಿನ ಸಾಲು, ಕುರಿಯ ಸಾಲು, ಅದಕ್ಕೆ ತಾಗದಂತೆ ಹಂದಿಯ ಸಾಲು. ಕೊಳ್ಳುವವರಲ್ಲಿ ಚೀನೀಯರು, ಮಲಯರು, ತಮಿಳರು, ಬಂಗಾಳಿಗಳು ಎಲ್ಲರೂ ಉಂಟು.

ಅಲ್ಲಿ ನನಗೆ ಸಿಕ್ಕಿದವರು ಒಬ್ಬ ತಮಿಳು ಮುಸ್ಲಿಂ ಹಿರಿಯರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರಿಗೆ ಕನ್ನಡ ಬಾರದು, ನನ್ನ ತಮಿಳು ಕೇಳುವಂತಿಲ್ಲ. ಆದರೂ ಹತ್ತು ವರ್ಷ ಮಾತಾಡಿದ್ದೇವೆ. ಮೊದಲ ಸಲ ಹೋದಾಗ ಊರಿನ ಚಾಳಿಯಂತೆ ಮಾಂಸವನ್ನು ಬೆರಳಿಂದ ಒತ್ತಿ ನೋಡಿ, "ಇದು ಎಳೆಯದಾ?" ಎಂದು ಅನುಮಾನದಲ್ಲಿ ಕೇಳಿದೆ. ಅವರು "ಇಲ್ಲ. ಬಲಿತದ್ದು. ಕುಕ್ಕರಿನಲ್ಲಿ ಐದು ಕೂಗು ಹೆಚ್ಚು ಬೇಕು. ಎಳೆಯದು ಬೇಕಾದರೆ ಗುರುವಾರ ಬನ್ನಿ" ಎಂದರು. ವ್ಯಾಪಾರ ಕಳೆದುಕೊಳ್ಳುವ ಮಾತನ್ನು ಅಷ್ಟು ಸಲೀಸಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಗುರುವಾರ ಹೋದೆ. ಅಲ್ಲಿಂದ ಶುರು.

ಅವರಿಂದ ನಾನು ಕಲಿತದ್ದು ಬಹಳ. ಸಾರಿಗೆ ಮುಂಗಾಲು ಮತ್ತು ಎದೆ, ಚಾಪ್ಸಿಗೆ ಪಕ್ಕೆ, ಕೈಮಕ್ಕೆ ತೊಡೆ ದಂಡ. ಕುರಿ ಯಾವುದು, ಆಡು ಯಾವುದು ಎಂದು ಕೇಳಿದರೆ ಕೊಬ್ಬಿನ ಬಣ್ಣ ತೋರಿಸಿ ಹೇಳುತ್ತಿದ್ದರು. "ಫ್ರೆಶ್ ತಾನೇ ಭಾಯ್?" ಎಂದರೆ, "ಆಸ್ಟ್ರೇಲಿಯಾದಿಂದ ತಣ್ಣಗೆ ಬಂದದ್ದು. ನಿಮ್ಮೂರಿನ ಫ್ರೆಶ್ ಇಲ್ಲಿ ಯಾರ ಹತ್ತಿರವೂ ಕೇಳಬೇಡಿ" ಎನ್ನುತ್ತಿದ್ದರು. ಅವರ ಕೈಕೆಲಸ ನೋಡುವುದೇ ಒಂದು ಸುಖ. ಮರದ ಕೊರಡಿನ ಮೇಲೆ ಮಚ್ಚು ಬೀಳುವ ಸದ್ದು ಒಂದೇ ಲಯದಲ್ಲಿರುತ್ತದೆ, ಮೂಳೆ ಚೂರಾಗುವುದಿಲ್ಲ, ಕೀಲಿನಲ್ಲಿ ಬಿಟ್ಟುಕೊಳ್ಳುತ್ತದೆ. ಇದನ್ನು ಆಫೀಸಿನ ಚೀನೀ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಜ್ವಾಂಗ್‌ಜಿಯ ಗ್ರಂಥದ ಅಡುಗೆಯವನ ಕಥೆ ಹೇಳಿದ. ಎತ್ತನ್ನು ಕೊಯ್ಯುವಾಗ ಕೀಲು ಕೀಲಿನ ನಡುವಿನ ಬಿಡುವನ್ನು ಹುಡುಕಿ ಕತ್ತಿ ಆಡಿಸುತ್ತಿದ್ದ ಆ ಅಡುಗೆಯವನ ಕತ್ತಿ 19 ವರ್ಷವಾದರೂ ಆಗಷ್ಟೇ ಮಸೆದಂತೆ ಇತ್ತಂತೆ. ಅವನ ಮಾತು ಕೇಳಿದ ದೊರೆ ಬದುಕುವುದು ಹೇಗೆಂದು ಕಲಿತನಂತೆ.

ಹಾಗಾದರೆ ಒಳ್ಳೆಯ ಕಸಾಯಿ ಎಂದರೆ ಕೈಚಳಕ ಇರುವವನೇ? ಅದೊಂದೇ ಸಾಲದು. ಕೈಚಳಕ ಇರುವವನು ತಕ್ಕಡಿಯಲ್ಲೂ ಕೈಚಳಕ ತೋರಿಸಬಹುದು. ಹಾಗಾದರೆ ಸತ್ಯ ಹೇಳುವವನೇ? ಅಲ್ಲಿಗೆ ಸ್ವಲ್ಪ ಹತ್ತಿರ ಬಂದೆವು. ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದು ನಮ್ಮಲ್ಲಿ ಬಹಳ ಹಳೆಯದು: ಕೊಲ್ಲುವ ಕಸುಬಿನಲ್ಲಿ ಇರುವವನು ಒಳ್ಳೆಯವನಾಗಿರಲು ಸಾಧ್ಯವೇ?

ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ತಪಸ್ವಿ ಧರ್ಮ ತಿಳಿಯಲು ಮಿಥಿಲೆಗೆ ಹೋಗುತ್ತಾನೆ. ಅವನಿಗೆ ಗುರುವಾಗಿ ಸಿಗುವವನು ಮಾಂಸದಂಗಡಿಯಲ್ಲಿ ಕುಳಿತ ಧರ್ಮವ್ಯಾಧ. ವ್ಯಾಧ ಹೇಳುವ ಮಾತುಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು. ತಾನು ಪ್ರಾಣಿಯನ್ನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತೇನೆ ಎನ್ನುತ್ತಾನೆ. ಹಾಗೆಯೇ, ನೆಲ ಉಳುವವನ ನೇಗಿಲಿಗೂ ಎಷ್ಟೋ ಜೀವ ಸಾಯುತ್ತದೆ, ಹಿಂಸೆಯಿಲ್ಲದ ಬದುಕು ಯಾರದ್ದಿದೆ ಎಂದು ಕೇಳುತ್ತಾನೆ. ಎರಡನೆಯ ಮಾತಿಗೆ ನಾನು ತಲೆಬಾಗುತ್ತೇನೆ. ಮೊದಲನೆಯದು ನನ್ನನ್ನು ಕಾಡುತ್ತದೆ. ಏಕೆಂದರೆ ಆ ಲೆಕ್ಕದಲ್ಲಿ ಟೆಕ್ಕಾದ ಮಟನ್ ಸಾಲಿನವರೆಲ್ಲ ಧರ್ಮವ್ಯಾಧರೇ. ಅವರು ಮಾರುವ ಕುರಿ ಸತ್ತದ್ದು ಸಾವಿರಾರು ಮೈಲಿ ದೂರದಲ್ಲಿ. ಕೊಂದವನು ಇನ್ಯಾರೋ, ಸಾಗಿಸಿದವನು ಇನ್ಯಾರೋ, ಕತ್ತರಿಸಿದವರು ಭಾಯ್, ಬೇಯಿಸಿದವಳು ನನ್ನ ಹೆಂಡತಿ, ಉಂಡವನು ನಾನು. ಪಾಪವನ್ನು ಗುಡ್ಡೆ ಹಾಕಿ ಹಂಚಿದರೆ ಯಾರ ಪಾಲಿಗೆ ಎಷ್ಟು ಬರುತ್ತದೆ? ಬೆನ್ನು ತಿರುಗಿಸಿ ನಿಂತ ಹುಡುಗ ಯಾರ ಹೆಸರು ಹೇಳಬೇಕು?

ಚೀನದ ಮೆನ್ಷಿಯಸ್ ಹೇಳಿದ ಪ್ರಸಂಗವೊಂದು ಇಲ್ಲಿಗೆ ಹೊಂದುತ್ತದೆ. ಹೊಸ ಗಂಟೆಗೆ ರಕ್ತ ಬಳಿಯುವ ವಿಧಿಗೆಂದು ಎತ್ತೊಂದನ್ನು ಎಳೆದೊಯ್ಯುತ್ತಿದ್ದರು. ಅದು ನಡುಗುವುದನ್ನು ಕಂಡ ಛೀ ರಾಜ್ಯದ ದೊರೆ ಷ್ವಾನ್, ಅದನ್ನು ಬಿಟ್ಟು ಒಂದು ಕುರಿಯನ್ನು ಬಳಸಿ ಎಂದ. ಜನ ದೊರೆಯನ್ನು ಜಿಪುಣನೆಂದು ಆಡಿಕೊಂಡರು. ಮೆನ್ಷಿಯಸ್ ಮಾತ್ರ ಇದರಲ್ಲಿ ಕರುಣೆಯ ಬೀಜ ಕಂಡ: ದೊರೆ ಎತ್ತನ್ನು ಕಂಡಿದ್ದ, ಕುರಿಯನ್ನು ಕಂಡಿರಲಿಲ್ಲ. ಸಜ್ಜನರು ಅಡುಗೆಮನೆಯಿಂದ ದೂರ ಇರುವುದು ಅದಕ್ಕೇ ಎಂದೂ ಹೇಳಿದ.

ಸಿಂಗಪುರ ನಮ್ಮೆಲ್ಲರನ್ನೂ ಆ ದೊರೆಯನ್ನಾಗಿ ಮಾಡಿದೆ. ಈ ದೇಶ ತನ್ನ ಆಹಾರದಲ್ಲಿ ಶೇ 90ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಹಂದಿ ಸಾಕಣೆ ಇಲ್ಲಿ 1990ರ ಹೊತ್ತಿಗೆ ನಿಂತಿತು. ಮಾರುಕಟ್ಟೆಯಲ್ಲಿ ಕಣ್ಣೆದುರೇ ಕೋಳಿ ಕೊಯ್ದು ಕೊಡುವುದೂ ಆ ದಶಕದಲ್ಲಿ ಇಲ್ಲವಾಯಿತು. 2020ರ ಡಿಸೆಂಬರ್‌ನಲ್ಲಿ ಪ್ರಾಣಿಯನ್ನು ಕೊಲ್ಲದೆ ಜೀವಕೋಶದಿಂದ ಬೆಳೆಸಿದ ಕೋಳಿ ಮಾಂಸದ ಮಾರಾಟಕ್ಕೆ ಜಗತ್ತಿನಲ್ಲೇ ಮೊದಲು ಒಪ್ಪಿಗೆ ಕೊಟ್ಟದ್ದು ಈ ದೇಶ. 2024ರ ಮೇ ತಿಂಗಳಲ್ಲಿ ಹ್ಯೂಬರ್ಸ್ ಎಂಬ ಮಾಂಸದಂಗಡಿಯಲ್ಲಿ ಅದು ಮನೆಗೊಯ್ಯುವ ಪೊಟ್ಟಣವಾಗಿ ಬಂತು. ಅದರಲ್ಲಿ ಬೆಳೆಸಿದ ಕೋಳಿ ಶೇ 3, ಉಳಿದದ್ದು ಹೆಚ್ಚಾಗಿ ಸಸ್ಯದಿಂದ ಮಾಡಿದ್ದು. ಮುಂದೊಂದು ದಿನ ಶೇ 3 ಎಂಬುದು ನೂರಾದರೆ ಕುರಿಗೆ ಒಳ್ಳೆಯದೇ. ಅಲ್ಲಿಯವರೆಗೆ, ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಮೆನ್ಷಿಯಸ್ಸನ ಸಜ್ಜನ ಅಡುಗೆಮನೆಯಿಂದ ದೂರವಿದ್ದು ತನ್ನ ಕರುಣೆಯನ್ನು ಕಾಪಾಡಿಕೊಂಡ. ಆದರೆ ಅವನ ಬದಲಿಗೆ ಅಡುಗೆಮನೆಯೊಳಗೆ ನಿಂತವನನ್ನು ಅವನು ಹೇಗೆ ನೋಡಿದ? ಅದೇ ನನ್ನ ಪ್ರಶ್ನೆ. ನನ್ನ ಉತ್ತರ ನನಗೇ ತಿಳಿದದ್ದು 2022ರಲ್ಲಿ.

ಆ ವರ್ಷ ಮಾರ್ಚ್ ಕೊನೆಯಲ್ಲಿ ಕರ್ನಾಟಕದಲ್ಲಿ ಕೆಲವು ಸಂಘಟನೆಗಳು, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂದು ಅಭಿಯಾನ ನಡೆಸಿದವು. ಅದರ ಸಂದೇಶಗಳು ನಮ್ಮ ಊರ ಕಡೆಯವರ ವಾಟ್ಸ್ಆ್ಯಪ್ ಗುಂಪಿಗೂ ಬಂದವು. ಊರಲ್ಲಿದ್ದವರು, ಬೆಂಗಳೂರಿನವರು, ಅಮೆರಿಕದವರು, ಸಿಂಗಪುರದ ನಾವು ಎಂಟು ಹತ್ತು ಜನ ಅದರಲ್ಲಿದ್ದೆವು. ಒಬ್ಬ ಕೇಳಿದ: "ಸಿಂಗಪುರದವರು ಏನು ಮಾಡ್ತೀರಿ? ನೀವೂ ಅಲ್ಲಿ ಸಾಬರ ಅಂಗಡೀಗೇ ಹೋಗೋದಾ?" ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಆ ಗುಂಪಿನಲ್ಲಿ ಟೆಕ್ಕಾದ ಅಂಗಡಿಯನ್ನು ಎಲ್ಲರಿಗೂ ಹೇಳಿಕೊಟ್ಟವನು ನಾನೇ.

ಏಪ್ರಿಲ್ 2, ಶನಿವಾರ, ಯುಗಾದಿ. ಭಾನುವಾರ ಹೊಸತೊಡಕು. ಆ ಬೆಳಿಗ್ಗೆ ಸೆಂಕಾಂಗಿನ ಮನೆಯಿಂದ ಹೊರಟವನು ಸ್ಟೇಷನ್ನಿಗೆ ಹೋಗಲೇ ಇಲ್ಲ. ಪಕ್ಕದ ಸೂಪರ್ ಮಾರ್ಕೆಟ್ಟಿನಿಂದ ಪ್ಲಾಸ್ಟಿಕ್ ಹೊದಿಸಿದ ಎರಡು ತಟ್ಟೆ ಮಾಂಸ ತಂದೆ. ಹೆಂಡತಿ ಮುಖ ನೋಡಿದಳು, "ಟೆಕ್ಕಾ ಯಾಕೋ ದೂರ ಅನ್ನಿಸ್ತು" ಅಂದೆ. ಹನ್ನೊಂದು ವರ್ಷ ಅದು ದೂರ ಅನ್ನಿಸಿರಲಿಲ್ಲ. ಪ್ಲಾಸ್ಟಿಕ್ ಹರಿಯುವಾಗ ಅವಳು ಚೀಟಿ ಓದಿದಳು. ಆಸ್ಟ್ರೇಲಿಯಾದ ಕುರಿ, ಮೂಲೆಯಲ್ಲಿ ಪುಟ್ಟದಾಗಿ ಹಲಾಲ್ ಮುದ್ರೆ. "ಇದಕ್ಕೇನು ಮಾಡೋಣ?" ಎಂದು ಕೇಳಿದಳು. ಅವಳು ನಗಲಿಲ್ಲ, ನಾನೂ ನಗಲಿಲ್ಲ. ಅಡುಗೆಯಾಯಿತು, ಉಂಡೆವು.

ಅಂದು ಸಂಜೆ ಊರಿಗೆ ಫೋನು ಮಾಡಿದೆ. ಅವ್ವನನ್ನು ಮಾಂಸ ಎಲ್ಲಿಂದ ತಂದಿರಿ ಎಂದು ಕೇಳಿದೆ. ಆ ಗಲಾಟೆಯ ನಡುವೆ ಅಲ್ಲಿ ಏನಾಯಿತೋ ಎಂದು ತಿಳಿಯುವ ಆಸೆ. "ಎಲ್ಲಿಂದ ಅಂದ್ರೆ? ಈ ಸಲ ಗುಡ್ಡೆ ಆಗ್ಲಿಲ್ಲ ಕಣಪ್ಪ. ಮಳವಳ್ಳಿ ಸಾಬಣ್ಣನ ಅಂಗ್ಡೀಲೇ ತಂದ್ರು. ನಲವತ್ ವರ್ಸದಿಂದ ಅವ್ರೇ ತಾನೆ. ಯಾಕ್ ಹಂಗ್ ಕೇಳ್ತೀಯೆ?" ನಾನು ಸುಮ್ಮನೆ ಕೇಳಿದೆ ಅಂದೆ. ಅಭಿಯಾನದ ನಡುವೆಯೇ ಇದ್ದ ಎಪ್ಪತ್ತು ದಾಟಿದ ಹೆಂಗಸು ಅಂಗಡಿ ಬದಲಿಸಲಿಲ್ಲ. ಅವಳಿಗೆ ಅದು ಧೈರ್ಯದ ಕೆಲಸವೂ ಆಗಿರಲಿಲ್ಲ. ಸಮುದ್ರದ ಆಚೆ, ನನ್ನ ಅಡುಗೆಗೆ ಯಾರೂ ಕಾವಲಿಲ್ಲದ ಊರಿನಲ್ಲಿ ಕುಳಿತ ನಾನು ಬದಲಿಸಿದ್ದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ನ್ಯಾಯವಾಗಿ ಉತ್ತರ ಕೊಡಬೇಕು. ಯಾರ ಹತ್ತಿರ ಕೊಳ್ಳಬೇಕು, ಯಾವ ಬಗೆಯಲ್ಲಿ ಕೊಯ್ದದ್ದನ್ನು ತಿನ್ನಬೇಕು ಎಂಬುದು ಅವರವರ ಇಷ್ಟವಲ್ಲವೇ? ಹೌದು. ಹಲಾಲ್ ಮಾಂಸವನ್ನು ತಮ್ಮ ಧರ್ಮದ ಕಟ್ಟಳೆಯಂತೆ ತಿನ್ನದ ಸಿಖ್ ಗೆಳೆಯರು ನನಗಿದ್ದಾರೆ. ಮಾಂಸವನ್ನೇ ಮುಟ್ಟದ ನೆಂಟರೂ ಇದ್ದಾರೆ. ಅವರು ತಮ್ಮ ನಂಬಿಕೆಗಾಗಿ ಏನನ್ನೋ ಬಿಡುತ್ತಾರೆ, ಕೇಳಿದರೆ ಕಾರಣ ಹೇಳುತ್ತಾರೆ, ಮಾರುವವನ ಮುಖ ನೋಡಿಯೇ ಹೇಳಬಲ್ಲರು. ನನ್ನದು ಅದಾಗಿರಲಿಲ್ಲ. ನನಗೆ ಹಲಾಲ್ ಬಗ್ಗೆ ಯಾವ ತಕರಾರೂ ಇರಲಿಲ್ಲ, ಅದೇ ಮುದ್ರೆಯ ಮಾಂಸವನ್ನೇ ತಿಂದೆ. ನಾನು ಬಿಟ್ಟದ್ದು ಮಾಂಸವನ್ನಲ್ಲ, ಮನುಷ್ಯನನ್ನು. ಅದೂ ಅವರ ಮೇಲಿನ ದ್ವೇಷದಿಂದಲ್ಲ; ಗುಂಪಿನಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂಬ ಪುಕ್ಕಲುತನದಿಂದ. ಸೂಪರ್ ಮಾರ್ಕೆಟ್ಟಿನ ತಟ್ಟೆಯ ಹಿಂದೆ ಮುಖವಿಲ್ಲ, ಹೆಸರಿಲ್ಲ. ಅದೇ ಅದರ ಅನುಕೂಲ. ಎತ್ತನ್ನು ಬಿಟ್ಟು ಕುರಿಯನ್ನು ತನ್ನಿ ಎಂದ ದೊರೆಯಂತೆ ನಾನೂ ಕಾಣದ ಕಡೆಗೆ ಸರಿದುಕೊಂಡೆ. ದೊರೆಯಲ್ಲಿ ಕರುಣೆಯಾದರೂ ಇತ್ತು.

ಜೂನ್ ಕೊನೆಯಲ್ಲಿ ಮತ್ತೆ ಟೆಕ್ಕಾಕ್ಕೆ ಹೋದೆ. ಹೋದದ್ದು ಪಶ್ಚಾತ್ತಾಪದಿಂದಲ್ಲ. ಮಗನಿಗೆ ನೆಗಡಿ, ಕಾಲು ಸೂಪು ಬೇಕಿತ್ತು. ಭಾಯ್ ನನ್ನನ್ನು ನೋಡಿ ಮಾಸ್ಕಿನ ಮೇಲೆ ಕಣ್ಣಲ್ಲೇ ನಕ್ಕರು. "ಎನ್ನ ಸಾರ್, ಊರುಕ್ಕು ಪೋಯಿರುಂದೀಂಗಳಾ?" ಊರಿಗೆ ಹೋಗಿದ್ದಿರಾ ಎಂದು ಕೇಳಿದರು. ಮೂರು ತಿಂಗಳು ಕಾಣದ ಗಿರಾಕಿಗೆ ತಾವೇ ಒಂದು ಮರ್ಯಾದೆಯ ಕಾರಣ ಹುಡುಕಿಕೊಟ್ಟರೋ, ನಿಜವಾಗಿಯೂ ಹಾಗೆಂದು ತಿಳಿದರೋ ಗೊತ್ತಿಲ್ಲ. ನಾನು "ಆಮಾ ಭಾಯ್" ಅಂದೆ. "ಅಮ್ಮ ಚೆನ್ನಾಗಿದ್ದಾರಾ?" ಅಂದರು. ಚೆನ್ನಾಗಿದ್ದಾರೆ ಅಂದೆ. ಕಾಲನ್ನು ಸುಟ್ಟು ಕೆರೆದು ಸಣ್ಣಗೆ ತುಂಡು ಮಾಡಿ ಕೊಟ್ಟರು. ಆ ದಿನ ಕೊರಡಿನ ಎದುರು ಇಬ್ಬರು ನಿಂತಿದ್ದೆವು. ಬಲಿತದ್ದನ್ನು ಬಲಿತದ್ದೆಂದು ಹೇಳುತ್ತ ಬಂದವರು ಒಬ್ಬರು. ಊರಿಗೆ ಹೋಗದೆ ಹೋಗಿದ್ದೆ ಎಂದವನು ಇನ್ನೊಬ್ಬ. ಹನ್ನೊಂದು ವರ್ಷ ನಾನು ಅವರ ಮಾಂಸವನ್ನು ಒತ್ತಿ ನೋಡಿ ಪರೀಕ್ಷಿಸಿದ್ದೆ. ನನ್ನನ್ನು ಒತ್ತಿ ನೋಡುವವರು ಯಾರೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. 2022ರ ಆ ಭಾನುವಾರ, ನಮ್ಮ ಹೊಸತೊಡಕಿನ ದಿನವೇ ಸಿಂಗಪುರದಲ್ಲಿ ರಂಜಾನ್ ಉಪವಾಸದ ಮೊದಲ ದಿನ. 2023ರಲ್ಲಿ ಮಾರ್ಚ್ 22 ಯುಗಾದಿ, 23 ಹೊಸತೊಡಕು, ಇಲ್ಲಿ ಮತ್ತೆ ರಂಜಾನಿನ ಮೊದಲ ದಿನ. ಆ ಗುರುವಾರ ಭಾಯ್ ಒಂದು ಗುಟುಕು ನೀರು ಕುಡಿಯದೆ ನಿಂತು ನನ್ನ ಹಬ್ಬಕ್ಕೆ ಎರಡು ಕಿಲೋ ಕಡಿದುಕೊಟ್ಟರು. 2024ರಲ್ಲಿ ಏಪ್ರಿಲ್ 9 ಯುಗಾದಿ, 10ರ ಹೊಸತೊಡಕಿನ ದಿನ ಇಲ್ಲಿ ಹರಿ ರಾಯ, ಅಂದರೆ ನಮ್ಮ ಬಾಯಲ್ಲಿ ರಂಜಾನ್ ಹಬ್ಬ. 2025ರಲ್ಲಿ ಮಾರ್ಚ್ 30 ಯುಗಾದಿ, 31 ಹೊಸತೊಡಕು ಮತ್ತು ಹರಿ ರಾಯ.

ಇದರಲ್ಲಿ ಪವಾಡವೇನೂ ಇಲ್ಲ. ಅವರ ತಿಂಗಳು ಬಾಲಚಂದ್ರನಿಂದ ಶುರುವಾಗುತ್ತದೆ, ನಮ್ಮ ಚೈತ್ರ ಅಮಾವಾಸ್ಯೆ ಕಳೆದ ಪಾಡ್ಯದಿಂದ. ನಾವು ಅಧಿಕಮಾಸ ಸೇರಿಸಿ ವರ್ಷವನ್ನು ಋತುವಿಗೆ ಕಟ್ಟಿಹಾಕುತ್ತೇವೆ. ಅವರು ಸೇರಿಸುವುದಿಲ್ಲವಾದ್ದರಿಂದ ಅವರ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಜರುಗುತ್ತದೆ. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂತು, ಅದಕ್ಕೇ ಮುಂದಿನ ವರ್ಷ ಉಪವಾಸದ ಮೊದಲ ದಿನದ ಜಾಗಕ್ಕೆ ಹಬ್ಬದ ದಿನವೇ ಬಂತು. ಊರಲ್ಲಿ ಯುಗಾದಿಯ ಚಂದ್ರನನ್ನು ನೋಡಲು ನಾವು ಮಕ್ಕಳೆಲ್ಲ ಕಣದ ಮೇಲೆ ನಿಂತು ಪಡುವಣಕ್ಕೆ ಕಣ್ಣು ಕೀಲಿಸುತ್ತಿದ್ದೆವು. ಮೊದಲು ಕಂಡವನು ಕೂಗುತ್ತಿದ್ದ, ಆಮೇಲೆ ಹಿರಿಯರ ಕಾಲಿಗೆ ಬೀಳುವುದು. ಸಾಬರ ಬೀದಿಯಲ್ಲೂ ಅದೇ ಚಂದ್ರನಿಗೆ ಕಾಯುವ ವರ್ಷಗಳು ಇರುತ್ತವೆ ಎಂದು ಆಗ ನಮಗೆ ಹೊಳೆದಿರಲಿಲ್ಲ. ಇದರಿಂದ ಎಲ್ಲರೂ ಒಂದೇ ಎಂಬ ದೊಡ್ಡ ತೀರ್ಮಾನಕ್ಕೆ ನಾನು ಬರುವುದಿಲ್ಲ. ಆದರೆ ನಾನು ಸ್ಟೇಷನ್ನಿನ ದಾರಿ ತಪ್ಪಿಸಿಕೊಂಡ ಬೆಳಿಗ್ಗೆ, ಅದೇ ಚಂದ್ರನ ಲೆಕ್ಕದಲ್ಲಿ ಉಪವಾಸ ಹಿಡಿದು ಆ ಮನುಷ್ಯ ಹಸಿದ ಹೊಟ್ಟೆಯಲ್ಲಿ ಬೇರೆಯವರ ಊಟಕ್ಕೆ ಮಾಂಸ ಕತ್ತರಿಸುತ್ತ ನಿಂತಿದ್ದರು ಎಂಬುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

2025ರ ಹೊಸತೊಡಕಿಗೆ ಅಂಗಡಿ ಮುಚ್ಚಿರುತ್ತದೆಂದು ಗೊತ್ತಿದ್ದರಿಂದ ಶನಿವಾರವೇ ಹೋದೆ. ಹರಿ ರಾಯಕ್ಕೆ ಎರಡು ದಿನ ಮುಂಚೆ. ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ಸರದಿ ಬಂದಾಗ ಎರಡು ಕಿಲೋ ಎಂದು ಹೇಳಿ, ಅವರು ಕತ್ತರಿಸುತ್ತಿರುವಾಗ ಹೇಳಿಬಿಟ್ಟೆ. ಭಾಯ್, ಮೂರು ವರ್ಷದ ಹಿಂದೆ ನಾನು ಊರಿಗೆ ಹೋಗಿರಲಿಲ್ಲ. ಇಲ್ಲೇ ಇದ್ದೆ. ನಮ್ಮವರು ಏನಾದರೂ ಅಂದಾರು ಅಂತ ಬರಲಿಲ್ಲ. ನನ್ನ ಹರಕು ತಮಿಳಿನಲ್ಲಿ ಅದು ಇನ್ನೂ ಚಿಕ್ಕದಾಗಿ, ಇನ್ನೂ ಒರಟಾಗಿ ಬಂತು. ಅವರು ಮಚ್ಚು ನಿಲ್ಲಿಸಲಿಲ್ಲ. "ತೆರಿಯುಂ ಸಾರ್," ಅಂದರು. ಗೊತ್ತು. ಆ ಏಪ್ರಿಲ್‌ನಲ್ಲಿ ಇನ್ನೂ ಮೂರು ನಾಲ್ಕು ಜನ ಒಟ್ಟಿಗೇ ಊರಿಗೆ ಹೋಗಿದ್ದರು ಎಂದರು. ಮುಖದಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನೋಡಲು ನನಗೆ ಧೈರ್ಯ ಬರಲಿಲ್ಲ. ಆಮೇಲೆ ತಕ್ಕಡಿಗೆ ಹಾಕಿದರು, ಒಂದು ಚೂರು ತೆಗೆದರು, ಇನ್ನೊಂದು ಸಣ್ಣ ಚೂರು ಹಾಕಿದರು. ಸರಿಯಾಗಿ ಎರಡು ಕಿಲೋ. ಹೆಚ್ಚು ಕೊಟ್ಟು ಕ್ಷಮಿಸಲಿಲ್ಲ, ಕಡಿಮೆ ಕೊಟ್ಟು ಸೇಡು ತೀರಿಸಿಕೊಳ್ಳಲಿಲ್ಲ. ಹಿಂದೆ ನಿಂತ ಹೆಂಗಸನ್ನು "ನಿಮಗೇನಮ್ಮ?" ಎಂದು ಕೇಳಿದರು.

ಊರಿನ ಗುಡ್ಡೆ ಪದ್ಧತಿಯಲ್ಲಿ ನಂಬಿಕೆ ಬೇಕಿರಲಿಲ್ಲ ಎಂದೆ. ಪೇಟೆಯಲ್ಲಿ ಅದು ಬೇಕು, ಪರದೇಶದಲ್ಲಿ ಇನ್ನೂ ಹೆಚ್ಚು ಬೇಕು. ನಂಬಿಕೆ ಹುಟ್ಟುವುದು ಒಬ್ಬ ಮನುಷ್ಯ ಮಾಡಿದ ಕೆಲಸಗಳಿಂದ: ಇದು ಬಲಿತದ್ದು ಎಂದು ಹೇಳಿದ ಒಂದು ಮಾತು, ಗುರುವಾರ ಬನ್ನಿ ಎಂದ ಇನ್ನೊಂದು ಮಾತು. ಹಾಗೆ ಹನ್ನೊಂದು ವರ್ಷ ಕೂಡಿದ್ದನ್ನು ಒಂದು ಫಾರ್ವರ್ಡ್ ಸಂದೇಶಕ್ಕೆ ಕೊಟ್ಟುಬಿಟ್ಟೆನಲ್ಲ, ಅದು ವ್ಯಾಪಾರದ ನಷ್ಟಕ್ಕಿಂತ ದೊಡ್ಡದು. ತಿನ್ನುವವನು ಕೊಲ್ಲುವ ಹೊರೆಯನ್ನು ಈಗಾಗಲೇ ಬೇರೆಯವರ ಹೆಗಲಿಗೆ ಹಾಕಿರುತ್ತಾನೆ. ಆ ಹೆಗಲನ್ನೇ ಕೀಳೆಂದು ಕಾಣುವುದು, ಬೇಕಾದಾಗ ಹಿಡಿದು ಬೇಡವಾದಾಗ ಬಿಡುವುದು, ಇವೆರಡನ್ನೂ ಮಾಡದಿರುವುದು ಅವನು ತೀರಿಸಬೇಕಾದ ಕನಿಷ್ಠ ಸಾಲ. ಕುರಿಯ ಸಾಲ ಬೇರೆಯೇ ಇದೆ. ಅದನ್ನು ತೀರಿಸುವ ದಾರಿ ನನಗೆ ತಿಳಿದಿಲ್ಲ, ತಿನ್ನುವುದನ್ನು ಬಿಡುವ ಶಕ್ತಿಯೂ ಬಂದಿಲ್ಲ. ಆದರೆ ಅದನ್ನು ಭಾಯ್ ಲೆಕ್ಕಕ್ಕೆ ಬರೆಯುವುದನ್ನು ನಿಲ್ಲಿಸಿದ್ದೇನೆ.

ಕಳೆದ ತಿಂಗಳು ಹಾಸನದ ಕಡೆಯ ಹೊಸ ಹುಡುಗನೊಬ್ಬ, ಮದುವೆಯಾಗಿ ಈಗಷ್ಟೇ ಬಂದವನು, ಅದೇ ತಗ್ಗಿದ ದನಿಯಲ್ಲಿ ಅದೇ ಪ್ರಶ್ನೆ ಕೇಳಿದ. ದನಿ ತಗ್ಗಿಸದೆ ಟೆಕ್ಕಾದ ಸಾಲು, ಅಂಗಡಿಯ ಗುರುತು ಎಲ್ಲ ಹೇಳಿದೆ. "ಒಳ್ಳೆಯವರಾ ಸಾರ್? ಮೋಸ ಇಲ್ವಾ?" ಎಂದ.

"ಇಲ್ಲ. ಮನೆಯಲ್ಲಿ ಎಷ್ಟು ಜನ, ಏನು ಅಡುಗೆ ಅಂತ ನೀನು ಸರಿಯಾಗಿ ಹೇಳು. ಅವರು ಅದಕ್ಕೆ ತಕ್ಕಂತೆ ಕೊಡ್ತಾರೆ" ಅಂದೆ.